ನಿಮ್ಮ ಕಾದಂಬರಿ 11ನೇ ಪುಟದಲ್ಲಿದೆ, ಮೇಷ್ಟ್ರೇ

ಪ್ರಶ್ನೆ: ಮೇಡಂ, ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹದಿಹರೆಯದ ಮಕ್ಕಳಿಗೆ ಅಂತ ಒಂದು ಕಾದಂಬರಿ ಬರೆದಿದ್ದೇನೆ. 180 ಪುಟ. ಚನ್ನರಾಯಪಟ್ಟಣದ ಕಡೆಯ ಹಳ್ಳಿ ಹುಡುಗಿ ಸಿಂಚನ, ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಂ. ಹಾಸನದಲ್ಲಿ ಪಿಯುಸಿ ಸೈನ್ಸ್ ಸೇರುತ್ತಾಳೆ. ಮೊದಲ ವಾರವೇ ಫಿಸಿಕ್ಸ್ ಕ್ಲಾಸಿನಲ್ಲಿ ‘ಪರ್ಪೆಂಡಿಕ್ಯುಲರ್’ ಅನ್ನಬೇಕಾದ ಕಡೆ ‘ಲಂಬ’ ಅಂದುಬಿಡುತ್ತಾಳೆ. ಕ್ಲಾಸೆಲ್ಲ ನಗುತ್ತದೆ. ಅವತ್ತಿನಿಂದ ಅವಳು ಬಾಯಿ ಬಿಡುವುದಿಲ್ಲ. ಒಬ್ಬ ಒಳ್ಳೆಯ ಲೆಕ್ಚರರ್ ಧೈರ್ಯ ತುಂಬುತ್ತಾರೆ. ಕೊನೆಗೆ ಕಾಲೇಜ್ ಡೇ ದಿನ ಇಂಗ್ಲಿಷಿನಲ್ಲಿ ಭಾಷಣ ಮಾಡಿ ಎಲ್ಲರ ಮೆಚ್ಚುಗೆ ಪಡೆಯುತ್ತಾಳೆ. ಹತ್ತನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗಳಿಗೆ ಓದಲು ಕೊಟ್ಟೆ. 30 ಪುಟ ಓದಿ ಕೆಳಗಿಟ್ಟಳು. “ಕೊನೇಲಿ ಸ್ಟೇಜ್ ಮೇಲೆ ಮಾತಾಡ್ತಾಳೆ, ಎಲ್ರೂ ಚಪ್ಪಾಳೆ ಹೊಡೀತಾರೆ, ಅಲ್ವಾ ಮಾಮ?” ಅಂದಳು. ಈಗ ಕೊನೆಯನ್ನು ಬದಲಿಸಲೇ? ‘ನಾನು’ ಅಂತ ಬರೆಯಬೇಕಿತ್ತೇ? ಲೆಕ್ಚರರ್ ಪಾತ್ರ ಇನ್ನೂ ಗಟ್ಟಿಯಾಗಬೇಕೇ? ಹಸ್ತಪ್ರತಿ ಕಳಿಸಿದ್ದೇನೆ, ದಯವಿಟ್ಟು ನೋಡಿ.

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಅಕ್ಕನ ಮಗಳಿಗೆ ನನ್ನ ಕಡೆಯಿಂದ ಒಂದು ಚಾಕಲೇಟ್ ಕೊಡಿಸಿ. ಹಸ್ತಪ್ರತಿಗಳನ್ನು ಓದುವುದೇ ನನ್ನ ಕೆಲಸ. ಸುಮಾರು ವರ್ಷಗಳಿಂದ ಮಕ್ಕಳ ಪುಸ್ತಕ, ಹದಿಹರೆಯದವರ ಪುಸ್ತಕ ತಿದ್ದುತ್ತಾ ಬಂದಿದ್ದೇನೆ. ಅವಳು ಒಂದು ಸಾಲಿನಲ್ಲಿ ಹೇಳಿದ್ದನ್ನು ನಾನಾದರೆ ಎರಡು ಪುಟದ ವರದಿ ಮಾಡಿ ಕಳಿಸುತ್ತಿದ್ದೆ.

ನಾನು ನಿಮ್ಮ 180 ಪುಟವನ್ನೂ ಓದಿದೆ. ಕೊನೆಯದೊಂದನ್ನೇ ಬದಲಿಸಿದರೆ ಸಾಲದು. ಸ್ಟೇಜಿನ ಬದಲು ರ‍್ಯಾಂಕು ಕೊಡಿಸಿ, ಕ್ವಿಜ್ ಗೆಲ್ಲಿಸಿ, ಆ ಹುಡುಗಿ ಅದನ್ನೂ 30ನೇ ಪುಟದಲ್ಲೇ ಹೇಳಿಬಿಡುತ್ತಾಳೆ. ಯಾಕೆಂದರೆ ನೀವು ಮೊದಲ ಅಧ್ಯಾಯದಲ್ಲೇ ಸಿಂಚನಳಿಗೆ ಒಂದು ಕಾಯಿಲೆ ಕೊಟ್ಟಿದ್ದೀರಿ, ಅದರ ಹೆಸರು ಆತ್ಮವಿಶ್ವಾಸ ಇಲ್ಲದಿರುವುದು. ಕಾಯಿಲೆ ಇದ್ದಮೇಲೆ ಔಷಧಿ ಬರುತ್ತದೆ, ಔಷಧಿ ಬಂದಮೇಲೆ ವಾಸಿಯಾಗುತ್ತದೆ. ಓದುವವರಿಗೆ ಇನ್ನೇನು ಕುತೂಹಲ ಉಳಿಯಿತು?

ಆದರೆ 11ನೇ ಪುಟದಲ್ಲಿ ನೀವು ನಾಲ್ಕು ಸಾಲು ಬರೆದಿದ್ದೀರಿ. ನೀವೇ ಮರೆತಿರಬಹುದು, ಅದಕ್ಕೆ ನೆನಪಿಸುತ್ತೇನೆ. ಸಿಂಚನಳ ಅಮ್ಮ ಊರಿನ ಮಹಿಳಾ ಹಾಲಿನ ಡೇರಿಯಲ್ಲಿ ಟೆಸ್ಟರ್. ಅಮ್ಮ ತವರಿಗೆ ಹೋದ ದಿನ ಬೆಳಗ್ಗೆ ಆರು ಗಂಟೆಗೆ ಸಿಂಚನ ಹಾಲು ಟೆಸ್ಟ್ ಮಾಡುತ್ತಾಳೆ. ಊರಿನ ದೊಡ್ಡ ಕುಳ ಗೋವಿಂದಪ್ಪ ಹಾಲು ತರುತ್ತಾನೆ. ಹಾಲಿಗೆ ನೀರು ಬೆರೆತಿದೆಯೇ ಅಂತ ಅಳೆಯುವ ಲ್ಯಾಕ್ಟೋಮೀಟರ್ 22 ತೋರಿಸುತ್ತದೆ, ಒಳ್ಳೆ ಹಾಲಿಗೆ ಅದು ಕಡಿಮೆ. “ಮಾವ, ಡಿಗ್ರಿ ಬಂದಿಲ್ಲ. ಈ ಹಾಲು ತಗೊಳಕ್ಕಾಗಲ್ಲ” ಅಂತ ಹೇಳಿ, ಮುಂದಿನವರ ಕ್ಯಾನಿಗೆ ಕೈ ಚಾಚುತ್ತಾಳೆ.

ಅಷ್ಟೇ. ಆಮೇಲೆ ನೀವು ಬಸ್ಸು ಹತ್ತಿಸಿ ಹಾಸನಕ್ಕೆ ಕರೆದುಕೊಂಡು ಹೋಗಿಬಿಡುತ್ತೀರಿ. ಡೇರಿ ಮತ್ತೆ ಬರುವುದೇ ಇಲ್ಲ.

ನಾನು ಆ ಪುಟದಲ್ಲಿ ಪೆನ್ಸಿಲಿನಿಂದ ದೊಡ್ಡದಾಗಿ ಗೆರೆ ಎಳೆದೆ. 16 ವರ್ಷದ ಹುಡುಗಿ, ತಾತನ ವಯಸ್ಸಿನವನ ಎದುರು ನಿಂತು, ನಿನ್ನ ಹಾಲಿಗೆ ನೀರು ಬಿದ್ದಿದೆ ಅಂತ ಬಾಯಲ್ಲಿ ಹೇಳದೆಯೇ ಹೇಳುತ್ತಾಳೆ. ದನಿ ಏರಿಸುವುದಿಲ್ಲ, ಹೆದರುವುದೂ ಇಲ್ಲ. ಮಾರನೇ ವಾರ ಇದೇ ಹುಡುಗಿಗೆ ಕ್ಲಾಸಿನಲ್ಲಿ ‘ಪ್ರೆಸೆಂಟ್ ಸರ್’ ಅನ್ನುವುದಕ್ಕೂ ಗಂಟಲು ಕಟ್ಟುತ್ತದೆ. ಹಾಗಾದರೆ ಇವಳಿಗೆ ಆತ್ಮವಿಶ್ವಾಸ ಇದೆಯೋ ಇಲ್ಲವೋ?

ಇದೆ, ಒಂದು ಕಡೆ. ಇನ್ನೊಂದು ಕಡೆ ಇಲ್ಲ. ನಮ್ಮೆಲ್ಲರದ್ದೂ ಹಾಗೇ ಅಲ್ವಾ? ನಾಲ್ಕು ನೂರು ಜನರ ಮದುವೆ ಊಟಕ್ಕೆ ಅಳತೆ ಹಾಕಿ ಬಡಿಸುವ ಅಡುಗೆ ಭಟ್ಟರು ಬ್ಯಾಂಕಿನ ಚಲನ್ ತುಂಬುವಾಗ ಬೆವರುತ್ತಾರೆ. ಆತ್ಮವಿಶ್ವಾಸ ಅನ್ನುವುದು ಒಬ್ಬರೊಳಗೆ ಟ್ಯಾಂಕಿನಲ್ಲಿ ನೀರು ತುಂಬಿಟ್ಟ ಹಾಗೆ ಒಂದೇ ಮಟ್ಟದಲ್ಲಿ ಇರುವುದಿಲ್ಲ.

ಇದನ್ನು ಸರಿಯಾಗಿ ವಿಚಾರ ಮಾಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ. ‘ಈ ಕೆಲಸ ನನ್ನ ಕೈಲಾಗುತ್ತದೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಅವರು 1977ರಲ್ಲಿ ಒಂದು ಹೆಸರಾಂತ ಲೇಖನ ಬರೆದರು. ಅವರು ನಾಲ್ಕು ಮೂಲಗಳನ್ನು ಹೇಳುತ್ತಾರೆ. ಕೆಲಸವನ್ನು ತಾನೇ ಮಾಡಿ ನೋಡಿದ್ದು. ತನ್ನಂಥವರು ಮಾಡಿದ್ದನ್ನು ಕಂಡದ್ದು. ನಾಲ್ಕು ಜನ ‘ನಿನಗೆ ಆಗುತ್ತೆ’ ಅಂತ ಹೇಳಿದ್ದು. ಕೊನೆಯದಾಗಿ ತನ್ನ ಮೈ ಕೊಡುವ ಸೂಚನೆ, ಅಂದರೆ ಎದೆಬಡಿತ, ಬೆವರು, ನಡುಕ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು.

ಬಂಡೂರ ಮತ್ತು ಜೊತೆಯವರು ಹಾವಿನ ಭಯ ಇದ್ದವರ ಜೊತೆ ಪ್ರಯೋಗ ಮಾಡಿದ್ದರು. ಕೆಲವರು ಬೇರೆಯವರು ಹಾವು ಹಿಡಿಯುವುದನ್ನು ನೋಡಿದರು, ಅಷ್ಟೇ. ಇನ್ನು ಕೆಲವರು ನೋಡಿದ ಮೇಲೆ ಹಂತಹಂತವಾಗಿ ತಾವೇ ಮುಟ್ಟಿದರು, ಹಿಡಿದರು. ನೋಡಿದವರಿಗೂ ಧೈರ್ಯ ಬಂತು. ಆದರೆ ತಾವೇ ಮುಟ್ಟಿದವರ ಧೈರ್ಯ ಇನ್ನೂ ಗಟ್ಟಿಯಾಗಿತ್ತು.

ಈಗ ನಿಮ್ಮ ಕಾದಂಬರಿ ತೆಗೆದು ನೋಡಿ. ಸಿಂಚನ ಏನೇನು ಮಾಡುತ್ತಾಳೆ? ಕನ್ನಡಿ ಮುಂದೆ ನಿಂತು ‘ನಾನು ಮಾಡಬಲ್ಲೆ’ ಅಂತ ಹೇಳಿಕೊಳ್ಳುತ್ತಾಳೆ. ಲೆಕ್ಚರರ್ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆ, ಮೂರು ಸಲ, ಒಂದೊಂದು ಸಲವೂ ಎರಡೆರಡು ಪುಟ. ಹಾಸ್ಟೆಲಿನ ಕಿಟಕಿಯಲ್ಲಿ ಮಳೆ ನೋಡುತ್ತಾಳೆ. ಕೈಯಿಂದ ಮಾಡುವ ಒಂದು ಕೆಲಸವೂ ಇಲ್ಲ. ನೀವು ನಾಲ್ಕು ಮೂಲಗಳಲ್ಲಿ ಮೂರನೆಯದನ್ನು ಮಾತ್ರ ಇಟ್ಟುಕೊಂಡು 180 ಪುಟ ದಾಟಲು ಹೊರಟಿದ್ದೀರಿ.

ಹಾಗಂತ ಮಾತಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜಪಾನಿನ ಟೆಟ್ಸುಕೊ ಕುರೊಯನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ‘ತೊತ್ತೋಚಾನ್’ ನೀವೂ ಓದಿರುತ್ತೀರಿ. 1981ರ ಪುಸ್ತಕ, ಕನ್ನಡಕ್ಕೂ ಬಂದಿದೆ. ಅದರಲ್ಲಿ ಹೆಡ್‌ಮಾಸ್ಟರ್ ಕೊಬಯಾಶಿ ಆ ಹುಡುಗಿಗೆ ‘ನೀನು ನಿಜವಾಗಿಯೂ ಒಳ್ಳೆ ಹುಡುಗಿ’ ಅಂತ ಆಗಾಗ ಹೇಳುತ್ತಿದ್ದರು. ಆ ‘ನಿಜವಾಗಿಯೂ’ ಅವಳ ಜೊತೆ ಜೀವನಪೂರ್ತಿ ಉಳಿಯಿತು. ಆದರೆ ನನಗೆ ಆ ಪುಸ್ತಕದಲ್ಲಿ ಹೆಚ್ಚು ನೆನಪಿರುವುದು ತಕಾಹಾಶಿ ಅನ್ನುವ ಹುಡುಗ. ಅವನ ಕೈಕಾಲು ಗಿಡ್ಡ, ಇನ್ನು ಬೆಳೆಯುವುದೂ ಇಲ್ಲ. ಆ ಶಾಲೆಯ ಸ್ಪೋರ್ಟ್ಸ್ ಡೇ ದಿನ ಎಲ್ಲ ಆಟದಲ್ಲೂ ಅವನೇ ಫಸ್ಟ್. ಬಟ್ಟೆಯ ಮೀನಿನ ಹೊಟ್ಟೆಯೊಳಗೆ ತೆವಳಿ ಹೊರಬರುವ ಆಟ. ಸಭಾಂಗಣದ ಮೆಟ್ಟಿಲು ಹತ್ತಿ ಓಡುವ ಆಟ. ಉದ್ದ ಕಾಲಿನವರು ಅಲ್ಲೆಲ್ಲ ತಡವರಿಸುತ್ತಾರೆ, ಇವನು ನುಗ್ಗಿಬಿಡುತ್ತಾನೆ. ಹೆಡ್‌ಮಾಸ್ಟರ್ ಆಟಗಳನ್ನೇ ಹಾಗೆ ಜೋಡಿಸಿದ್ದರು. ಬಹುಮಾನವೇನು ಗೊತ್ತೇ? ಮೂಲಂಗಿ, ಸೊಪ್ಪು, ತರಕಾರಿ. ಸಂಜೆ ಮನೆಯವರೆಲ್ಲ ತನ್ನ ಗೆಲುವನ್ನು ಊಟ ಮಾಡಬಹುದು.

ನಿಮ್ಮ ಲೆಕ್ಚರರ್ ಪಾತ್ರಕ್ಕೆ ಇದೇ ನನ್ನ ಉತ್ತರ. ಅವರ ಮಾತಿನಲ್ಲಿ ಮುಕ್ಕಾಲು ಭಾಗ ತೆಗೆಯಿರಿ. ಅವರು ಆಟ ಜೋಡಿಸಲಿ. ಅದೂ ತಾವು ಜೋಡಿಸಿದ್ದೇವೆ ಅಂತ ಸಿಂಚನಳಿಗೆ ಗೊತ್ತಾಗದ ಹಾಗೆ.

ಇನ್ನೊಂದು ಮಾತು. ಆ ಲೆಕ್ಚರರ್ ನೀವೇ, ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ಮೇಷ್ಟ್ರುಗಳು ಬರೆದ ಕಾದಂಬರಿಯಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರು ಇದ್ದೇ ಇರುತ್ತಾರೆ, ಅವರು ತುಂಬಾ ಮಾತಾಡುತ್ತಾರೆ.

ಈಗ ಡೇರಿಗೆ ವಾಪಸ್ ಹೋಗೋಣ. ನಿಮ್ಮ ಕತೆಗೆ ಬೇಕಾದ ಕೆಲಸ ಅಲ್ಲೇ ಇದೆ.

ಡೇರಿಯಲ್ಲಿ ಸಿಂಚನ ಕಲಿತಿರುವುದು ಏನು? ಹಾಲಿನಲ್ಲಿ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ತೇಲುತ್ತಾ ಅಲುಗಾಡುತ್ತದೆ. ನಿಲ್ಲುವ ತನಕ ಕಾಯಬೇಕು. ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ನೋಡಬೇಕು. ಮೇಲಿಂದ ನೋಡಿದರೆ ಒಂದು ಲೆಕ್ಕ, ಕೆಳಗಿಂದ ನೋಡಿದರೆ ಇನ್ನೊಂದು. ಹಾಲು ಕೊಳವೆಯ ಗೋಡೆ ಹಿಡಿದು ಒಂದು ಚೂರು ಮೇಲೆ ಏರಿ ನಿಂತಿರುತ್ತದೆ. ಹಾಲು ಬಿಳಿ, ಒಳಗೆ ಏನೂ ಕಾಣುವುದಿಲ್ಲ. ಅದಕ್ಕೇ ಹಾಲು ಏರಿ ನಿಂತ ಮೇಲಿನ ಅಂಚನ್ನೇ ಓದುತ್ತಾರೆ. ಹಿಂದೆ ಹದಿನೈದು ಜನ ಕ್ಯಾನ್ ಹಿಡಿದು ‘ಬೇಗ ಬೇಗ’ ಅನ್ನುತ್ತಿದ್ದರೂ ಇಷ್ಟನ್ನೂ ಮಾಡಬೇಕು.

ಈ ಹುಡುಗಿಯನ್ನು ಪಿಯುಸಿ ಕೆಮಿಸ್ಟ್ರಿ ಲ್ಯಾಬಿಗೆ ಕರೆದುಕೊಂಡು ಹೋಗಿ ಬ್ಯೂರೆಟ್, ಅಂದರೆ ಅಳತೆಯ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆಯ ಮುಂದೆ ನಿಲ್ಲಿಸಿ. ಟೈಟ್ರೇಶನ್, ಅಂದರೆ ಆಮ್ಲಕ್ಕೆ ಸರಿಹೋಗಲು ಎಷ್ಟು ಕ್ಷಾರ ಬೇಕು ಅಂತ ಅಳೆಯುವ ಪ್ರಯೋಗ. ಕೆಳಗೆ ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಬಣ್ಣ ಬದಲಿಸಿ ಸೂಚನೆ ಕೊಡುವ ಫಿನಾಲ್ಫ್ಥಲೀನ್ ಎರಡು ಹನಿ. ಮೇಲಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಹನಿಹನಿಯಾಗಿ ಬೀಳಬೇಕು. ತಿಳಿ ಗುಲಾಬಿ ಬಣ್ಣ ಬಂದು ನಿಂತ ಕೂಡಲೇ ನಿಲ್ಲಿಸಬೇಕು. ಕೈ ತಪ್ಪಿ ಜಾಸ್ತಿ ಬಿದ್ದರೆ ಗಾಢ ಗುಲಾಬಿಯಾಗಿ ಎಲ್ಲ ಹಾಳು, ಮತ್ತೆ ಮೊದಲಿನಿಂದ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಪದಗಳೆಲ್ಲ ಗೊತ್ತು. ಆದರೆ ಅವರ ಫ್ಲಾಸ್ಕುಗಳೆಲ್ಲ ಗಾಢ ಗುಲಾಬಿ. ಸಿಂಚನಳಿಗೆ ಹನಿಗೆ ಕಾಯುವುದು ಗೊತ್ತು.

ಆದರೆ ಸುಮ್ನೆ ಗೆಲ್ಲಿಸಿಬಿಡಬೇಡಿ. ಮೊದಲು ತಪ್ಪು ಮಾಡಿಸಿ. ಬ್ಯೂರೆಟ್‌ನಲ್ಲಿರುವುದು ನೀರಿನಂಥ ತಿಳಿ ದ್ರಾವಣ. ಅದು ಅಂಚಿನಲ್ಲಿ ಏರಿ, ನಡುವೆ ತಗ್ಗಾಗಿ ನಿಲ್ಲುತ್ತದೆ. ಲ್ಯಾಬಿನಲ್ಲಿ ಆ ತಗ್ಗಿನ ತಳವನ್ನು ಓದಬೇಕು. ಸಿಂಚನ ಡೇರಿಯ ಅಭ್ಯಾಸದಲ್ಲಿ ಮೇಲಿನ ಅಂಚನ್ನು ಓದುತ್ತಾಳೆ. ರೆಕಾರ್ಡಿನಲ್ಲಿ ಅವಳ ರೀಡಿಂಗ್ ಎಲ್ಲವೂ ಒಂದು ಚೂರು ಕಡಿಮೆ. ಕೆಮಿಸ್ಟ್ರಿ ಮೇಡಂ ಬಂದು ನೋಡಿ, “ಎಲ್ಲಾ ರೀಡಿಂಗ್ ತಪ್ಪಾಗಿದೆಯಲ್ಲಮ್ಮ” ಅನ್ನುತ್ತಾರೆ. ಪಕ್ಕದವರು ತಿರುಗಿ ನೋಡುತ್ತಾರೆ. ಮತ್ತೆ ಅದೇ ‘ಲಂಬ’ದ ಕ್ಷಣ. ಕಿವಿ ಬಿಸಿಯಾಗುತ್ತದೆ.

ಆಮೇಲೆ ಮೇಡಂಗೆ ಇನ್ನೊಂದು ಕಾಣುತ್ತದೆ. ರೀಡಿಂಗ್ ತಪ್ಪು, ಆದರೆ ಉತ್ತರ ಸರಿ! ಒಟ್ಟು ಎಷ್ಟು ಮಿಲಿಲೀಟರ್ ಖರ್ಚಾಯಿತು ಅನ್ನುವುದು ಕರೆಕ್ಟಾಗಿ ಬಂದಿದೆ. “ಇದು ಹೇಗಮ್ಮ?” ಅಂತ ಅವರು ನಿಜವಾಗಿಯೂ ಕೇಳುತ್ತಾರೆ. ಸಿಂಚನ ಒಂದು ನಿಮಿಷ ಬ್ಯೂರೆಟ್ ನೋಡುತ್ತಾಳೆ. ಹೊಳೆಯುತ್ತದೆ. ಶುರುವಿನಲ್ಲೂ ಮೇಲಿನ ಅಂಚು ಓದಿದ್ದಾಳೆ, ಕೊನೆಯಲ್ಲೂ ಮೇಲಿನ ಅಂಚನ್ನೇ ಓದಿದ್ದಾಳೆ. ಒಂದರಿಂದ ಒಂದು ಕಳೆದರೆ ತಪ್ಪು ತಪ್ಪಿಗೆ ವಜಾ. ಅದನ್ನು ಅವಳು ಹೇಳಬೇಕು. ಅರ್ಧ ಇಂಗ್ಲಿಷ್, ಅರ್ಧ ಹಾಸನದ ಕನ್ನಡ, ನಡುವೆ ಲ್ಯಾಕ್ಟೋಮೀಟರ್. ಕೈಯಲ್ಲಿ ತೋರಿಸುತ್ತಾ ಹೇಳುತ್ತಾಳೆ. ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನೋ ಕನ್ನಡದಲ್ಲೋ ಅನ್ನುವುದು ಆಗ ಅವಳ ತಲೆಯಲ್ಲೇ ಇಲ್ಲ. ಬ್ಯೂರೆಟ್ ಇದೆ, ಅಷ್ಟೇ.

ಮೇಷ್ಟ್ರೇ, ನಿಮ್ಮ ಕಾಲೇಜ್ ಡೇ ಭಾಷಣಕ್ಕಿಂತ ಇದು ದೊಡ್ಡದು. ಇಲ್ಲಿ ಚಪ್ಪಾಳೆ ಬೇಡ. ಮೇಡಂ “ಸರಿ, ಮುಂದಿನ ಸಲ ಕೆಳಗಿನದ್ದು ಓದು” ಅಂತ ಹೇಳಿ ಮುಂದಿನ ಟೇಬಲಿಗೆ ಹೋಗಲಿ. ಪಕ್ಕದ ಹುಡುಗಿ ತನ್ನ ಗಾಢ ಗುಲಾಬಿ ಫ್ಲಾಸ್ಕನ್ನು ಇವಳ ಕಡೆ ತಳ್ಳಿ, “ಏ, ನಂದೂ ಸ್ವಲ್ಪ ನೋಡೇ” ಅನ್ನಲಿ. ಅಲ್ಲಿಗೆ ಅಧ್ಯಾಯ ನಿಲ್ಲಿಸಿ.

ಅವಳಿಗೆ ಧೈರ್ಯ ಬಂತು ಅಂತ ಎಲ್ಲೂ ಬರೆಯಬೇಡಿ. ‘ಆತ್ಮವಿಶ್ವಾಸ’ ಅನ್ನುವ ಪದ ನಿಮ್ಮ ಹಸ್ತಪ್ರತಿಯಲ್ಲಿ 43 ಸಲ ಇದೆ, ಎಣಿಸಿದ್ದೇನೆ. ಒಂದೂ ಉಳಿಯಬಾರದು.

ಈಗ ‘ಲಂಬ’ದ ನಗುವಿಗೆ ಬರುತ್ತೇನೆ. ಆ ದೃಶ್ಯ ನನಗೆ ತುಂಬಾ ಹಿಡಿಸಿತು, ಯಾಕೆಂದರೆ ನಾನೂ ಅದೇ ಬಸ್ಸಿನವಳು. ಹೈಸ್ಕೂಲಿನಲ್ಲಿ ಲ.ಸಾ.ಅ., ಮ.ಸಾ.ಅ. ಅಂತ ಲೆಕ್ಕ ಮಾಡಿ ಬಂದವಳು. ‘ದ್ಯುತಿಸಂಶ್ಲೇಷಣೆ’ ಅಂತ ಒತ್ತಕ್ಷರ ತಪ್ಪದೆ ಬರೆಯಬಲ್ಲೆ. ‘ಫೋಟೋಸಿಂಥೆಸಿಸ್’ ಅಂದರೆ ಮಾತ್ರ ಊರಿನ ಫೋಟೋ ಸ್ಟುಡಿಯೋ ನೆನಪಾಗುತ್ತಿತ್ತು. ಹತ್ತು ವರ್ಷ ಕಷ್ಟಪಟ್ಟು ಕಲಿತ ಪದಗಳೆಲ್ಲ ಒಂದು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಚಲಾವಣೆ ಇಲ್ಲದ ನಾಣ್ಯಗಳಾಗಿಬಿಡುತ್ತವೆ. ನಿಮ್ಮ ಸಿಂಚನ ‘ಲಂಬ’ ಅಂದಾಗ ಅವಳ ಉತ್ತರ ಸರಿಯಾಗಿಯೇ ಇತ್ತು. ಸರಿ ಉತ್ತರಕ್ಕೆ ನಗೆಪಾಟಲಾಗುವುದು ತಪ್ಪು ಉತ್ತರಕ್ಕೆ ನಗೆಪಾಟಲಾಗುವುದಕ್ಕಿಂತ ಕೆಟ್ಟದ್ದು. ಇದನ್ನು ನೀವು ಬರೆದಿಲ್ಲ, ಬರೆಯಿರಿ.

ಆದರೆ ‘ಇಡೀ ಕ್ಲಾಸು ಗಹಗಹಿಸಿ ನಕ್ಕಿತು, ಆ ನಗು ವರ್ಷವಿಡೀ ಅವಳನ್ನು ಬೆನ್ನಟ್ಟಿತು’ ಅಂತ ಬರೆದಿದ್ದೀರಲ್ಲ, ಅಲ್ಲಿ ಸ್ವಲ್ಪ ತಡೆಯಿರಿ. ಯಾರು ನಕ್ಕರು? ಎಷ್ಟು ಜನ? ಆ ವಯಸ್ಸಿನಲ್ಲಿ ಮಕ್ಕಳಿಗೆ ತಾವು ಸದಾ ಒಂದು ವೇದಿಕೆಯ ಮೇಲಿದ್ದೇವೆ, ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಡೇವಿಡ್ ಎಲ್ಕೈಂಡ್ ಅನ್ನುವ ಅಮೆರಿಕದ ಮನೋವಿಜ್ಞಾನಿ 1967ರಲ್ಲಿ ಇದಕ್ಕೆ ‘ಕಲ್ಪನೆಯ ಪ್ರೇಕ್ಷಕರು’ ಅನ್ನುವ ಅರ್ಥದ ಹೆಸರು ಕೊಟ್ಟರು. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಒಂದು ತಮಾಷೆಯ ಪ್ರಯೋಗ ಮಾಡಿದರು, 2000ದಲ್ಲಿ ಪ್ರಕಟವಾಯಿತು. ಒಬ್ಬ ವಿದ್ಯಾರ್ಥಿಗೆ ಹಳೇ ಕಾಲದ ಒಬ್ಬ ಗಾಯಕನ ಮುಖ ಇರುವ, ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ ಬೇರೆ ವಿದ್ಯಾರ್ಥಿಗಳಿರುವ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ ತೊಟ್ಟವರು ‘ಹೆಚ್ಚುಕಡಿಮೆ ಅರ್ಧ ಜನ’ ಅಂದರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲುಭಾಗ.

ಇದನ್ನು ಕಾದಂಬರಿಯಲ್ಲಿ ಪಾಠದ ಹಾಗೆ ಹೇಳಬೇಡಿ. ಒಂದು ದೃಶ್ಯ ಮಾಡಿ. ಎಂಟು ತಿಂಗಳಾದ ಮೇಲೆ, ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತಾ, ಸಿಂಚನ ಧೈರ್ಯ ಮಾಡಿ ಆ ನಕ್ಕ ಹುಡುಗಿಯ ಹತ್ತಿರ ‘ಲಂಬ’ದ ಮಾತು ಎತ್ತುತ್ತಾಳೆ. ಅವಳು ಸೋಪು ಉಜ್ಜುವುದನ್ನು ನಿಲ್ಲಿಸಿ, “ಯಾವತ್ತೇ? ನಾನು ನಕ್ಕಿದ್ನಾ?” ಅನ್ನುತ್ತಾಳೆ. ನಾಟಕ ಮಾಡುತ್ತಿಲ್ಲ, ನಿಜವಾಗಿ ನೆನಪಿಲ್ಲ. ಸಿಂಚನಳಿಗೆ ಸಮಾಧಾನ ಆಗಬೇಕಾದ ಕಡೆ ಸಿಟ್ಟು ಬರುತ್ತದೆ. ಎಂಟು ತಿಂಗಳು ನಾನು ಸತ್ತೆ, ಇವಳಿಗೆ ನೆನಪೇ ಇಲ್ಲ! ಆ ಸಿಟ್ಟನ್ನು ಬಿಡಬೇಡಿ. ನೀವು ಈಗ ಬರೆದಿರುವ ಹಾಗೆ ಆ ಹುಡುಗಿ ಕೊನೆಯಲ್ಲಿ ಓಡಿ ಬಂದು ತಬ್ಬಿಕೊಂಡು ಕ್ಷಮೆ ಕೇಳುವುದನ್ನು ತೆಗೆದುಬಿಡಿ. ಅಷ್ಟು ಅಚ್ಚುಕಟ್ಟಾಗಿ ಯಾವ ಲೆಕ್ಕವೂ ಮುಗಿಯುವುದಿಲ್ಲ.

ಇನ್ನು ಕೊನೆ. ಸಿಂಚನ ಕಾಲೇಜ್ ಡೇ ದಿನ ಮಾತಾಡಲೇಬೇಕೇ ಅಂತ ನನ್ನನ್ನು ಕೇಳಿದರೆ, ಬೇಡ ಅನ್ನುತ್ತೇನೆ. ನಾಚಿಕೆ ಸ್ವಭಾವದವರೆಲ್ಲ ಕೊನೆಗೆ ಭಾಷಣಕಾರರಾಗಲೇಬೇಕು ಅನ್ನುವ ಹಟ ನಮ್ಮ ಶಾಲೆಗಳಿಗೂ ಇದೆ, ನಮ್ಮ ಕತೆಗಳಿಗೂ ಇದೆ. ಯಾಕೋ ಗೊತ್ತಿಲ್ಲ. ಈ ವಿಷಯಕ್ಕೆ ನಾನು ಯಾವಾಗಲೂ ನೆನಪಿಸಿಕೊಳ್ಳುವುದು ಗಾಂಧೀಜಿಯನ್ನು. ಮಕ್ಕಳಿಗೆ ನಾವು ಅವರ ಸತ್ಯ, ಅಹಿಂಸೆ ಹೇಳಿಕೊಡುತ್ತೇವೆ, ಅವರ ಸಂಕೋಚದ ಕತೆ ಹೇಳುವುದೇ ಇಲ್ಲ. ಎಂಥಾ ಕತೆ ಅದು!

ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಶಾಲೆ ಬಿಟ್ಟ ಕೂಡಲೇ ಯಾರಾದರೂ ಮಾತಾಡಿಸಿಬಿಟ್ಟಾರು ಅಂತ ಮನೆಗೆ ಓಡುತ್ತಿದ್ದರು. ಲಂಡನ್ನಿನಲ್ಲಿ ಸಸ್ಯಾಹಾರಿಗಳ ಸಂಘದ ಸಮಿತಿಯಲ್ಲಿ ಕೂತು ಬಾಯಿ ಬಿಡುತ್ತಿರಲಿಲ್ಲ. 1891ರಲ್ಲಿ ಭಾರತಕ್ಕೆ ಹೊರಡುವ ಮುಂಚೆ ಸ್ನೇಹಿತರಿಗೆ ಹೋಟೆಲಿನಲ್ಲಿ ಊಟ ಹಾಕಿಸಿದರು. ಒಂದು ಸಣ್ಣ ತಮಾಷೆಯ ಭಾಷಣ ಮಾಡೋಣ ಅಂತ ತಯಾರಾಗಿದ್ದರು. ತಮಾಷೆ ಯಾವುದರ ಬಗ್ಗೆ ಅಂದರೆ, ಇಂಗ್ಲೆಂಡಿನ ಲೇಖಕ ಅಡಿಸನ್ ಪಾರ್ಲಿಮೆಂಟಿನಲ್ಲಿ ಮೂರು ಸಲ ಅದೇ ಎರಡು ಪದ ಹೇಳಿ ಮುಂದಕ್ಕೆ ಹೋಗಲಾರದೆ ಕೂತ ಪ್ರಸಂಗ. ಗಾಂಧಿ ಎದ್ದು ನಿಂತರು. ಮೊದಲ ವಾಕ್ಯವಾದ ಮೇಲೆ ಎಲ್ಲ ಮರೆತುಹೋಯಿತು. ಬಂದಿದ್ದಕ್ಕೆ ಧನ್ಯವಾದ ಅಂತ ಹೇಳಿ ಕೂತುಬಿಟ್ಟರು. ಮಾತು ನಿಂತುಹೋದವನ ಬಗ್ಗೆ ತಮಾಷೆ ಮಾಡಲು ಹೋಗಿ ತಮ್ಮ ಮಾತೇ ನಿಂತಿತು. ಮುಂಬೈಗೆ ಬಂದು ಮೊದಲ ಕೇಸು ಹಿಡಿದರು, ಫೀಸು 30 ರೂಪಾಯಿ. ಸಾಕ್ಷಿಯನ್ನು ಪ್ರಶ್ನಿಸಲು ಎದ್ದರೆ ತಲೆ ಸುತ್ತಿತು. ಕೇಸನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಕೋರ್ಟಿನಿಂದ ಹೊರಬಂದರು.

ಅದೇ ಮನುಷ್ಯ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆ ಕರೆಸಿ ಮಾತಾಡುತ್ತಾರೆ. ತನ್ನ ಬದುಕಿನ ಮೊದಲ ಸಾರ್ವಜನಿಕ ಭಾಷಣ ಇದು ಅನ್ನಬಹುದು ಅಂತ ಅವರೇ ಹೇಳಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ಕೇಳುವವರು ಹೆಚ್ಚಾಗಿ ವ್ಯಾಪಾರಿಗಳು. ನಡುವೆ ಏನಾಗಿತ್ತು? ಯಾರೂ ಅವರಿಗೆ ಭಾಷಣದ ತರಬೇತಿ ಕೊಟ್ಟಿರಲಿಲ್ಲ. ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ರೈಲಿನಿಂದ ತಳ್ಳಿಸಿಕೊಂಡಿದ್ದರು. ಅಲ್ಲಿನ ನಮ್ಮ ಜನರ ಸ್ಥಿತಿ ಕಣ್ಣಾರೆ ಕಂಡಿದ್ದರು. ಹೇಳಲೇಬೇಕಾದದ್ದು ಒಂದು ಇತ್ತು. ಆ ಸಭೆಯಲ್ಲೇ, ಇಂಗ್ಲಿಷ್ ಬೇಕಾದವರಿಗೆ ತಾನೇ ಕಲಿಸುತ್ತೇನೆ ಅಂದರು. ಮೂರು ಜನ ಮುಂದೆ ಬಂದರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು.

ಸಂಕೋಚ ಅವರನ್ನು ಆಮೇಲೂ ಪೂರ್ತಿ ಬಿಡಲಿಲ್ಲ. ಅದು ತನಗೆ ಗುರಾಣಿಯಾಯಿತು, ಮಾತನ್ನು ಅಳೆದು ಆಡುವುದನ್ನು ಕಲಿಸಿತು ಅಂತ ಬರೆದಿದ್ದಾರೆ. ನಿಮ್ಮ ಸಿಂಚನಳಿಗೂ ಅಷ್ಟು ಸ್ವಾತಂತ್ರ್ಯ ಕೊಡಿ. ಸೆಕೆಂಡ್ ಪಿಯುಸಿಯಲ್ಲೂ ಅವಳು ಕಡಿಮೆ ಮಾತಿನವಳೇ ಆಗಿರಲಿ. ಲ್ಯಾಬಿನ ದಿನವಾದ ಮೇಲೂ ಒಂದು ಸಲ ಕೆಟ್ಟದಾಗಿ ಎಡವಲಿ, ಸೆಮಿನಾರಿನ ದಿನ ಹುಷಾರಿಲ್ಲ ಅಂತ ಹೇಳಿ ಹಾಸ್ಟೆಲಿನಲ್ಲೇ ಮಲಗಿರಲಿ. ಓದುವ ಮಕ್ಕಳು ಆ ಕಳ್ಳ ಜ್ವರವನ್ನು ತಕ್ಷಣ ಗುರುತಿಸುತ್ತಾರೆ.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ.

‘ನಾನು’ ಅಂತ ಬರೆಯಬೇಕಿಲ್ಲ. ‘ನಾನು’ ಅಂತ ಶುರುಮಾಡಿದರೆ ನಿಮ್ಮ 16 ವರ್ಷದ ಹುಡುಗಿ ಎರಡೇ ಪುಟದಲ್ಲಿ ಕನ್ನಡ ಎಂ.ಎ. ಮಾಡಿದವಳ ಹಾಗೆ ಮಾತಾಡಲು ಶುರುಮಾಡುತ್ತಾಳೆ. ಈಗಲೇ ಅವಳು ಒಂದು ಕಡೆ ‘ಅಂತರಂಗದ ತುಮುಲ’ ಅಂದಿದ್ದಾಳೆ. ‘ಅವಳು’ ಅಂತಲೇ ಇರಲಿ, ಆದರೆ ಅವಳಿಗೆ ಕಾಣದ್ದನ್ನು ನೀವು ಕಾಣಬೇಡಿ. ಮಾತು ಮಾತ್ರ ಪೂರ್ತಿ ಅವಳದೇ ಆಗಲಿ. ಅವಳು ಊರಿನಲ್ಲಿ ಒಂದು ಥರ, ಹಾಸ್ಟೆಲಿನಲ್ಲಿ ಒಂದು ಥರ, ಲೆಕ್ಚರರ್ ಎದುರು ಇನ್ನೊಂದು ಥರ ಮಾತಾಡುತ್ತಾಳೆ. ಆ ಮೂರೂ ಬೇರೆ ಬೇರೆ ಕೇಳಿಸಬೇಕು.

ಮೊಬೈಲ್ ಯಾಕೆ ಎಲ್ಲೂ ಇಲ್ಲ? ಕ್ಲಾಸಿನ ವಾಟ್ಸಾಪ್ ಗ್ರೂಪ್ ಇಲ್ಲದ ಪಿಯುಸಿ ಈಗ ಇಲ್ಲ. ಅಲ್ಲಿ ಇಂಗ್ಲಿಷ್ ಬರೆಯಲು ಹೆದರಿ ಬರೀ ಥಂಬ್ಸ್ ಅಪ್ ಒತ್ತುವ ಸಿಂಚನ, ಅಮ್ಮನಿಗೆ ರಾತ್ರಿ ಹತ್ತು ನಿಮಿಷ ವಾಯ್ಸ್ ಮೆಸೇಜ್ ಕಳಿಸುವ ಸಿಂಚನ. ಇಬ್ಬರೂ ಬೇಕು.

ಕನ್ನಡಕ ತೆಗೆದು, ಕೂದಲು ಬಿಟ್ಟು ಚೆಂದವಾಗುವ ಅಧ್ಯಾಯ, ಅಂದರೆ 14ನೆಯದ್ದು, ಕಸದ ಬುಟ್ಟಿಗೆ. ಇದರ ಬಗ್ಗೆ ಚರ್ಚೆ ಬೇಡ.

ಇಂಗ್ಲಿಷ್ ಕಲಿಯುವುದು ಬೇಡವೇ ಅಂತ ನೀವು ಕೇಳಬಹುದು. ಖಂಡಿತ ಕಲಿಯಲಿ, ಪರೀಕ್ಷೆ ಬರೆಯಬೇಕಲ್ಲ. ಕಲಿಯುವ ಬಗೆಯನ್ನು ತೋರಿಸಿ. ಒಂದು ಸಣ್ಣ ನೋಟ್‌ಬುಕ್, ಎಡಗಡೆ ‘ವೇಗೋತ್ಕರ್ಷ’, ಬಲಗಡೆ ‘ಆಕ್ಸಲರೇಶನ್’. ಆ ನೋಟ್‌ಬುಕ್ಕನ್ನು ಮುಂದಿನ ವರ್ಷ ಬರುವ ಇನ್ನೊಬ್ಬ ಕನ್ನಡ ಮೀಡಿಯಂ ಹುಡುಗ ಕೇಳಿ ಪಡೆಯಬಹುದು. ಬಂಡೂರ ಹೇಳಿದ ಎರಡನೇ ಮೂಲ ನೆನಪಿದೆಯಲ್ಲ, ತನ್ನಂಥವರನ್ನು ನೋಡಿ ಕಲಿಯುವುದು. ಸಿಂಚನಳಿಗೆ ಅಂಥವರು ಯಾರೂ ಸಿಗಲಿಲ್ಲ. ಆ ಹುಡುಗನಿಗೆ ಅವಳು ಸಿಗುತ್ತಾಳೆ. ಆದರೆ ಇದನ್ನು ಕೊನೆಯ ಪುಟಕ್ಕೆ ಇಟ್ಟು ಮಿಂಚಿಸಲು ಹೋಗಬೇಡಿ, ನಡುವೆ ಎಲ್ಲೋ ಆಗಿಹೋಗಲಿ.

ಲೆಕ್ಚರರ್ ಮಾತು ಕಡಿಮೆಯಾಗಲಿ ಅಂತ ನಾನು ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹದಿಹರೆಯದವರ ಕಾದಂಬರಿ ಅಂತ ಇವತ್ತು ಜಗತ್ತು ಕರೆಯುವ ಬಗೆಗೆ ದೊಡ್ಡ ತಿರುವು ಕೊಟ್ಟದ್ದು 1967ರ ‘ದಿ ಔಟ್‌ಸೈಡರ್ಸ್’. ಬರೆದ ಎಸ್. ಇ. ಹಿಂಟನ್ ಅಮೆರಿಕದ ಟಲ್ಸಾ ಎಂಬ ಊರಿನ ಹುಡುಗಿ. ಹೈಸ್ಕೂಲಿನಲ್ಲಿರುವಾಗಲೇ ಬರೆದದ್ದು, ಪುಸ್ತಕ ಬಂದಾಗ ಅವಳಿಗೆ 18. ಅದರಲ್ಲಿ ಅಪ್ಪ-ಅಮ್ಮ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹುಡುಗರು ತಮ್ಮ ತಪ್ಪು ತಾವೇ ಮಾಡುತ್ತಾರೆ. ನೀವು ನಾಲ್ಕು ದಶಕ ದಾಟಿದವರು, ನಾನು ಅದಕ್ಕೂ ಹಿರಿಯಳು. ನಾವು ಕತೆಯೊಳಗೆ ಹೋಗಿ ಕೂತರೆ ಮಕ್ಕಳು ಎದ್ದು ಹೋಗುತ್ತಾರೆ.

ಪುಟ ಎಷ್ಟಾದರೂ ಪರವಾಗಿಲ್ಲ. ನನ್ನ ಲೆಕ್ಕದಲ್ಲಿ ಭಾಷಣಗಳೆಲ್ಲ ಹೋದರೆ 120 ಉಳಿಯುತ್ತದೆ, ಡೇರಿ ಬಂದರೆ ಮತ್ತೆ 160 ಆಗುತ್ತದೆ. ತಿದ್ದಿದ ಮೇಲೆ ಮೊದಲು ನನಗೆ ಕಳಿಸಬೇಡಿ. ಅಕ್ಕನ ಮಗಳಿಗೇ ಕೊಡಿ. ‘ಹೇಗಿದೆ’ ಅಂತ ಕೇಳಬೇಡಿ, ಮಾಮನಿಗೆ ಬೇಜಾರಾಗಬಾರದು ಅಂತ ಚೆನ್ನಾಗಿದೆ ಅಂದುಬಿಡುತ್ತಾಳೆ. ಎಲ್ಲಿ ಫೋನ್ ನೋಡಬೇಕು ಅನ್ನಿಸಿತೋ ಆ ಪುಟದ ಮೂಲೆ ಮಡಚಲು ಹೇಳಿ.

ನನಗೆ ಒಂದೇ ಒಂದು ವಿಷಯ ಈಗಲೇ ತಿಳಿಸಿ, ಕಾಯಲು ಆಗುತ್ತಿಲ್ಲ. ಆ ಗೋವಿಂದಪ್ಪ ಮಾರನೇ ದಿನ ಬೆಳಗ್ಗೆ ಡೇರಿಗೆ ಹಾಲು ತಂದನೇ? ತಂದಿದ್ದರೆ ಡಿಗ್ರಿ ಎಷ್ಟು ಬಂತು?